ಅಮೆರಿಕದ ಮೊಣಕಾಲು, ಕುಷಾಯಿಗೂಡದ ಮೊಣಕಾಲು

ಎರಡು ವಾರದ ಹಿಂದೆ, ಸೋಮವಾರ ಬೆಳಿಗ್ಗೆ, ನಮ್ಮ ಮನೆಯ ಹಾಲ್‌ನಲ್ಲಿ ಮೂವರು ಗಂಡಸರು ಒಂದು ಮೊಣಕಾಲಿಗಾಗಿ ಕಣ್ಣೀರು ಹಾಕುವುದೊಂದು ಬಾಕಿ ಇತ್ತು. ಮೊಣಕಾಲು ನನ್ನದಲ್ಲ.

ನನ್ನದು ಉಳುಕಿ ಎರಡು ತಿಂಗಳಾಗುತ್ತ ಬಂತು. ಅದು ಅದೇ ಹಾಲ್‌ನಲ್ಲಿ, ಅದೇ ಮೂವರ ಎದುರು, ನೀಕ್ಯಾಪ್ ಹಾಕಿಕೊಂಡು ಕುಂಟುತ್ತ ಚಹಾ ತಂದುಕೊಡುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ಅವರ ಕಣ್ಣೆಲ್ಲ ಅಮೆರಿಕದ ಯಾವನೋ ಹುಡುಗನ ಕಾಲಿನ ಮೇಲೆ.

ಈ ಹುಚ್ಚು ನಮ್ಮ ಮನೆಗೆ ಬಂದದ್ದು ನನ್ನ ತಮ್ಮ ಗುರುರಾಜನಿಂದ. ನಾವಿರುವುದು ಹೈದರಾಬಾದಿನ ಈ ತುದಿಯ ಕುಷಾಯಿಗೂಡದಲ್ಲಿ, ಅವನಿರುವುದು ಆ ತುದಿಯ ಮಣಿಕೊಂಡದಲ್ಲಿ, ಕೆಲಸ ಅಮೆರಿಕದ ಕ್ಲೈಂಟ್‌ಗಳ ಜೊತೆ. ಆ ಕ್ಲೈಂಟ್ ಮಹಾಶಯ ಪ್ರತಿ ಕಾಲ್‌ನಲ್ಲೂ ಮೊದಲು ತನ್ನ ಫುಟ್‌ಬಾಲ್ ಟೀಮಿನ ಸುಖದುಃಖ ಹೇಳಿಕೊಂಡ ಮೇಲೆಯೇ ಕೆಲಸದ ಮಾತಿಗೆ ಬರುತ್ತಾನಂತೆ. ಎದುರು ಹೂಂಗುಟ್ಟಲಾದರೂ ಬೇಕಲ್ಲ ಎಂದು ನಮ್ಮವನು ಆಟ ನೋಡತೊಡಗಿದ. ಹೂಂಗುಟ್ಟಲು ಹೋದವನು ಭಕ್ತನಾಗಿ ಬಂದ.

(ಫುಟ್‌ಬಾಲ್ ಎಂದರೆ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಇಲ್ಲಿ ಚೆಂಡು ತತ್ತಿಯ ಆಕಾರದಲ್ಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಓಡುತ್ತಾರೆ. ಮತ್ತೆ ಫುಟ್ ಯಾಕೆ ಎಂದು ಕೇಳಿದೆ. ಸುಮ್ಮನೆ ನೋಡು ಎಂದ.)

ಅವನಿಂದ ಅದು ನಮ್ಮ ಮನೆಯವರಿಗೆ ಹತ್ತಿತು. ಅವರು ಇಲ್ಲಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದವರು, ಹುಚ್ಚು ಹತ್ತಿಸಿಕೊಳ್ಳಲು ಪುರುಸೊತ್ತಿದ್ದವರು. ಅವರಿಂದ ಕೆಳಗಿನ ಫ್ಲ್ಯಾಟಿನ ನರಸಿಂಗರಾವ್ ಅವರಿಗೆ. ಅವರೂ ಅದೇ ಫ್ಯಾಕ್ಟರಿಯವರು. ಅಲ್ಲಿ ಭಾನುವಾರ ರಾತ್ರಿ ಆಡಿದರೆ ಇಲ್ಲಿ ಸೋಮವಾರ ಬೆಳಗಿನ ಚಹಾದ ಹೊತ್ತು. ಹೀಗಾಗಿ ಪ್ರತಿ ಸೋಮವಾರ ಗುರುರಾಜ ಊರಿನ ಆ ತುದಿಯಿಂದ ಈ ತುದಿಗೆ ಬಂದು ಬಿಡುತ್ತಾನೆ. ಮಂಡಕ್ಕಿ ಸೂಸಲಾ ಮಾಡುವ ಕೆಲಸ ಮಾತ್ರ ನನಗೆ.

ಇವರ ಟೀಮಿನಲ್ಲಿ ಒಬ್ಬ ವೈಡ್ ರಿಸೀವರ್ ಇದ್ದಾನೆ. ಹೆಸರು ಕೇಳಿ ಹೆದರಬೇಡಿ. ದೂರ ಓಡಿಹೋಗಿ, ಹಿಂದಿನಿಂದ ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಇನ್ನೂ ಚಿಕ್ಕ ಹುಡುಗ, ಇದು ಎರಡನೇ ವರ್ಷ. ಹಾಗೆ ಓಡುತ್ತಿದ್ದಾಗ ಕಾಲು ತಿರುಚಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಅಂದಿನಿಂದ ನಮ್ಮ ಹಾಲ್‌ನಲ್ಲಿ ಒಂದೇ ಪ್ರಶ್ನೆ. ಈ ಹುಡುಗನನ್ನು ಇಟ್ಟುಕೊಳ್ಳಬೇಕೋ, ಬೇರೆ ಟೀಮಿಗೆ ದಾಟಿಸಬೇಕೋ?

ಗುರುರಾಜ ದಾಟಿಸಿಬಿಡಿ ಎನ್ನುವವನು. ನರಸಿಂಗರಾವ್ ಕಾಯೋಣ ಎನ್ನುವವರು. ಇಬ್ಬರೂ ಹುಡುಗನನ್ನು ಅಳೆದು ತೂಗುವ ರೀತಿ ನೋಡಿದರೆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎನ್ನಬೇಕು. ಎತ್ತರ ಚೆನ್ನಾಗಿದೆ. ತಂದೆಯೂ ಆಡಿದವರೇ, ಮನೆತನ ಒಳ್ಳೆಯದು. ಚಟಗಳಿಲ್ಲ. ಮೊಣಕಾಲೊಂದೇ ಐಬು.

ನಮ್ಮವರು ಯಾವ ಪಕ್ಷಕ್ಕೂ ಸೇರಲಿಲ್ಲ. ನಮ್ಮ ಕಡೆ ಗಂಡು ನೋಡಿದ ಮೇಲೆ ಮುಂದೇನು ಮಾಡುತ್ತಾರೋ ಅದನ್ನೇ ಮಾಡಿದರು. ಜಾತಕ ಬರೆದರು!

ಜನ್ಮ ತಾರೀಖು ಇಂಟರ್ನೆಟ್‌ನಲ್ಲಿ ಸಿಕ್ಕಿತು. ಸಮಯ ಸಿಗಲಿಲ್ಲ, ಸೂರ್ಯೋದಯಕ್ಕೆ ಎಂದು ಹಿಡಿದರು. ಹಳೆಯ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಸಿಂಹ ರಾಶಿ ಎಂದರು. ಅಷ್ಟಮ ಶನಿ. ಹುಡುಗ ಏಳುವುದು ಕಷ್ಟ. ನರಸಿಂಗರಾವ್ ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದು ಹೋದರು. ಇಡೀ ಒಂದು ವಾರ ಅಮೆರಿಕದ ಆ ಬಡಪಾಯಿ ನಮ್ಮ ಮನೆಯಲ್ಲಿ ಅಷ್ಟಮ ಶನಿ ಅನುಭವಿಸಿದ.

ಮುಂದಿನ ಸೋಮವಾರ ಗುರುರಾಜನಿಗೆ ಏನೋ ಹೊಳೆಯಿತು. ಮಾಮಾ, ಯಾವ ಊರಿನ ಸೂರ್ಯೋದಯ ಹಿಡಿದಿರಿ ಎಂದು ಕೇಳಿದ. ನಮ್ಮವರು ಪಂಚಾಂಗ ನೋಡಿದರು. ಸೀಲಿಂಗ್ ನೋಡಿದರು. ಹಿಡಿದದ್ದು ಹೈದರಾಬಾದಿನದು! ಹುಡುಗ ಕುಷಾಯಿಗೂಡದಲ್ಲಿ ಹುಟ್ಟಿದ ಎಂದೇ ಲೆಕ್ಕ ಹಾಕಿಬಿಟ್ಟಿದ್ದರು. ಅಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ. ಅಷ್ಟರಲ್ಲಿ ಚಂದ್ರ ಸಿಂಹ ದಾಟಿ ಕನ್ಯಾ ರಾಶಿಗೆ ಹೋಗಿದ್ದ. ಅಷ್ಟಮ ಶನಿ ಅಲ್ಲಿಗೇ ಮಾಯ. ನರಸಿಂಗರಾವ್ ಎದ್ದು ನಿಂತು ನಮ್ಮವರ ಕೈ ಕುಲುಕಿದರು, ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರ ಕೈ ಕುಲುಕುವ ಹಾಗೆ.

ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತೇ ಇದ್ದೆ.

ಈಗ ನನ್ನ ಮೊಣಕಾಲಿನ ಕಥೆ. ನಮ್ಮ ಕಾಲೋನಿಯ ಹೆಂಗಸರದೊಂದು ಥ್ರೋಬಾಲ್ ಟೀಮ್ ಇದೆ. ಪ್ರತಿ ಗಣರಾಜ್ಯೋತ್ಸವಕ್ಕೆ ಪಕ್ಕದ ಕಾಲೋನಿಯ ಮೇಲೆ ಮ್ಯಾಚ್. ಎಷ್ಟೋ ವರ್ಷಗಳಿಂದ ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಹಿಡಿಯುವವಳು ನಾನು. ಉಳಿದ ಕಡೆಯೆಲ್ಲ ನಾನು ಮೂರನೇ ಮಹಡಿಯ ಆಂಟಿ. ಕೋರ್ಟಿನಲ್ಲಿ ಮಾತ್ರ ವೀಣಾ. (ಅಷ್ಟುದ್ದ ಕರೆಯುವುದರೊಳಗೆ ಚೆಂಡು ಬಂದುಬಿಡುತ್ತದಲ್ಲ, ಅದಕ್ಕೆ.) ಆ ಒಂದು ಗಂಟೆ ನನಗೆ ಬೇಕು. ಭಾಳ ಬೇಕು.

ಎರಡು ತಿಂಗಳ ಹಿಂದೆ ಪ್ರಾಕ್ಟೀಸಿನಲ್ಲಿ ಹಿಂದಕ್ಕೆ ಓಡಿ ಚೆಂಡು ಹಿಡಿಯಲು ಹೋಗಿ ಬಿದ್ದೆ. ಚೆಂಡು ಬಿಡಲಿಲ್ಲ, ಮೊಣಕಾಲು ಬಿಟ್ಟಿತು. ಲಿಗಮೆಂಟ್ ಪೂರ್ತಿ ಹರಿದಿರಲಿಲ್ಲ. ತಪ್ಪದೆ ವ್ಯಾಯಾಮ ಮಾಡಿದರೆ ಗಣರಾಜ್ಯೋತ್ಸವದ ಹೊತ್ತಿಗೆ ಆಡಬಹುದು ಎಂದ ಡಾಕ್ಟರು, ಮತ್ತೆ ಆಡುವ ಇಚ್ಛೆ ಇದೆಯಾ ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟವರು ನಮ್ಮವರು. ಈ ವಯಸ್ಸಲ್ಲಿ ಇನ್ನೆಂಥ ಆಟ ಡಾಕ್ಟರೇ, ಮನೆಯಲ್ಲಿ ಓಡಾಡಿಕೊಂಡಿದ್ದರೆ ಸಾಕು ಎಂದುಬಿಟ್ಟರು.

ನನ್ನ ನಿವೃತ್ತಿ ಘೋಷಣೆಯಾದದ್ದು ಹೀಗೆ. ವಾಪಸು ಬರುವಾಗ ಆಟೋದಲ್ಲಿ ನನಗೆ ಅಳು ಬಂತು. ನೋಯುತ್ತಿದೆಯಾ ಎಂದು ಕೇಳಿದರು. ಹೌದೆಂದೆ.

ಕ್ಯಾಪ್ಟನ್ ಸುಜಾತಾ ಮಾತ್ರ ಆಸೆ ಬಿಟ್ಟಿರಲಿಲ್ಲ. ಸೋಮವಾರದೊಳಗೆ ಹೂಂ ಎಂದರೆ ಜಾಗ ನಿಮ್ಮದು, ಇಲ್ಲವಾದರೆ ಮೊದಲ ಮಹಡಿಗೆ ಹೊಸದಾಗಿ ಬಂದವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದಳು. ಆ ಸೋಮವಾರವೇ ಇದು.

ಸೂಸಲಾ ಕೆಳಗಿಟ್ಟು ನಾನೂ ಕುಳಿತೆ. ಇನ್ನೊಬ್ಬ ಆಟಗಾರರ ಕೇಸ್ ಇದೆ, ಸ್ವಲ್ಪ ಹೇಳಿ ಎಂದೆ. ಮೂವರೂ ತಿರುಗಿದರು. ಯಾವ ಟೀಮ್ ಎಂದು ಗುರುರಾಜ ಕೇಳಿದ. ನಿಮಗೆ ಗೊತ್ತಿಲ್ಲದ ಟೀಮ್ ಎಂದೆ. ಹಿಂದಕ್ಕೆ ಓಡಿ ಬಿದ್ದದ್ದು, ಅರ್ಧ ಹರಿದ ಲಿಗಮೆಂಟ್, ಎಲ್ಲ ಹೇಳಿದೆ. ವಯಸ್ಸೊಂದನ್ನು ಬಿಟ್ಟು.

ನರಸಿಂಗರಾವ್ ಬಿದ್ದಾಗ ಚೆಂಡು ಬಿಟ್ಟರೋ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಅಂಥ ಕೈ ಸುಲಭಕ್ಕೆ ಸಿಗುವುದಿಲ್ಲ ಎಂದರು. ದಾಟಿಸುವ ಪಕ್ಷದ ಗುರುರಾಜನೂ ತಲೆಯಾಡಿಸಿದ. ಟೀಮಿನವರಿಗೇನು ಅಡ್ಡಿಯಂತೆ ಎಂದು ಕೇಳಿದ. ಟೀಮಿನವರಿಗಿಲ್ಲ, ಮನೆಯವರಿಗೆ ಎಂದೆ. ಡಾಕ್ಟರು ಆಡಬಹುದು ಅಂದಿದ್ದಾರೆ, ಮನೆಯವರು ಬೇಡ ಅಂತಾರೆ.

"ಡಾಕ್ಟರ್ರ ಹೂಂ ಅಂದಮ್ಯಾಲೆ ಬ್ಯಾಡ ಅನ್ನಾಕ ಮನಿಯವ್ರು ಯಾರು?"

ಇದನ್ನು ಕೇಳಿದವರು ಯಾರು ಗೊತ್ತೇ? ನಮ್ಮ ಮನೆಯವರು!

ಅಷ್ಟಕ್ಕೇ ನಿಲ್ಲಲಿಲ್ಲ. ಪೆನ್ನು ತೆಗೆದು ಪೇಪರಿನ ಅಂಚಿನಲ್ಲಿ ಕುಂಡಲಿಯ ಚೌಕ ಹಾಕಿಯೇಬಿಟ್ಟರು. ಹುಟ್ಟಿದ ತಾರೀಖು ಹೇಳು ಎಂದರು.

"ಮೊದಲ ಊರು ಕೇಳ್ರಿ," ಎಂದೆ.

"ಹೌದೌದು. ಎಲ್ಲಿ ಹುಟ್ಟ್ಯಾರ?"

"ರಾಯಚೂರಾಗ."

ಟಿವಿಯಲ್ಲಿ ಯಾರೋ ಓಡುತ್ತಿದ್ದರು. ನೋಡುವವರಿರಲಿಲ್ಲ. ನರಸಿಂಗರಾವ್ ಮೊದಲು ನಕ್ಕರು, ಕಪ್ಪಿನೊಳಗೆ ಮುಖ ಇಟ್ಟುಕೊಂಡು. ಗುರುರಾಜ ನನ್ನ ನೀಕ್ಯಾಪನ್ನು ಅಂದೇ ಮೊದಲ ಸಲ ನೋಡಿದ. ನಮ್ಮವರು ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ನಿಂದ ಬ್ಯಾರೆ," ಎಂದರು.

"ಏನ ಬ್ಯಾರೆ?"

ಪಂಚಾಂಗದ ಕಡೆ ನೋಡುತ್ತ ಹೇಳಿದರು, "ಅಂವ ಮತ್ತ ಬಿದ್ರ ಟಿವಿ ಬಂದ್ ಮಾಡ್ತೀನಿ. ನೀ ಬಿದ್ರ ನಾ ಏನ ಮಾಡ್ಲಿ?"

ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಪ್ರೇಮದ ಮಾತು ಇದೇ ಇರಬೇಕು. ಇಬ್ಬರು ಸಾಕ್ಷಿಗಳ ಎದುರು ಬೇರೆ! ಆ ಡಾಕ್ಟರ ಮುಂದೆ ಬೇಡ ಎಂದದ್ದು ಹೆದರಿಕೆಯಿಂದ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕರಗಿಬಿಡಬೇಕಿತ್ತು. (ಕರಗಲಿಲ್ಲ. ಕರಗಿದ್ದರೆ ಜಾಗ ಮೊದಲ ಮಹಡಿಗೆ ಹೋಗುತ್ತಿತ್ತು.)

"ಬಿದ್ರ ಎಬ್ಬಸ್ರಿ," ಎಂದೆ. ಅಲ್ಲಿಂದಲೇ ಸುಜಾತಾಗೆ ಫೋನ್ ಮಾಡಿ ಹೂಂ ಎಂದೆ.

ಅಂದಿನಿಂದ ನಮ್ಮ ಹಾಲ್‌ನಲ್ಲಿ ಚರ್ಚೆಗೆ ಎರಡು ಮೊಣಕಾಲುಗಳಿವೆ. ಗೋಡೆ ಹಿಡಿದು ನಾನು ಕಾಲೆತ್ತಿ ಇಳಿಸುತ್ತಿದ್ದರೆ ಹಿಂದೆ ನನ್ನ ಭವಿಷ್ಯದ ಬಗ್ಗೆ ವಾದ ನಡೆದಿರುತ್ತದೆ. ನರಸಿಂಗರಾವ್ ಇನ್ನೊಂದು ತಿಂಗಳು ಕಾಯಲಿ ಎನ್ನುತ್ತಾರೆ. ಸಬ್‌ಸ್ಟಿಟ್ಯೂಟ್ ಆಗಿ ಇಳಿಯಲಿ ಎನ್ನುವುದು ಗುರುರಾಜನ ಅಭಿಪ್ರಾಯ. ವದಿನಗಾರು (ತೆಲುಗಿನಲ್ಲಿ ಅತ್ತಿಗೆ), ಬೆನ್ನು ನೆಟ್ಟಗಿರಲಿ ಎಂದು ನಡುವೆ ನರಸಿಂಗರಾವ್ ಅವರ ಕೋಚಿಂಗ್ ಬೇರೆ. ಮೊದಲು ರೇಗುತ್ತಿತ್ತು. ಈಗ ಕಿವಿಗೆ ಹಿತವಾಗಿದೆ. ಮುಗಿದುಹೋದವರ ಬಗ್ಗೆ ಯಾರಾದರೂ ಇಷ್ಟು ಜಗಳ ಆಡುತ್ತಾರಾ?

ನಿನ್ನೆ ಗುರುರಾಜ ತಮಾಷೆಗೆ, ಈ ಮ್ಯಾಚ್ ಆದಮೇಲೆ ಅಕ್ಕನನ್ನು ಪಕ್ಕದ ಕಾಲೋನಿಗೆ ದಾಟಿಸೋಣ ಎಂದ. ನಮ್ಮವರು ಸಿಟ್ಟಿಗೆದ್ದರು. ಮನೆಯಲ್ಲಿ ಅಡುಗೆ ಯಾರು ಮಾಡಬೇಕು ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, ಹಿಂದಿನ ಸಾಲಿನಲ್ಲಿ ಚೆಂಡು ಯಾರು ಹಿಡಿಯಬೇಕು ಎಂದು.

ಈ ವಯಸ್ಸಲ್ಲಿ ಇದಕ್ಕಿಂತ ದೊಡ್ಡ ಕಾಂಟ್ರ್ಯಾಕ್ಟ್ ಯಾರಿಗೆ ಸಿಗುತ್ತದೆ, ಹೇಳಿ?