ಸಿಸ್ಟರಮ್ಮ ಒಪ್ಪಿಕೊಂಡ ತಪ್ಪು

ಸಿಸ್ಟರಮ್ಮನ ಹಿಮ್ಮಡಿಗಳು ನೀರಿಲ್ಲದ ಕೆರೆಯಂಗಳದಂತೆ ಬಿರುಕು ಬಿಟ್ಟಿದ್ದವು. ಹೊಳವನಹಳ್ಳಿ ಸುತ್ತಮುತ್ತಲ ಸಕ್ಕರೆ ಕಾಯಿಲೆಯವರ ಕಾಲುಗಳನ್ನೆಲ್ಲ ತೊಳೆದು ಪಟ್ಟಿ ಕಟ್ಟುವ ಈ ಕ್ರೈಸ್ತ ಸನ್ಯಾಸಿನಿ ತಮ್ಮ ಕಾಲಿಗೆ ಒಂದು ಚೂರು ಮುಲಾಮು ಹಚ್ಚಿಕೊಳ್ಳುವುದಿಲ್ಲವೆಂದರೆ, ಇದರಲ್ಲಿ ಏನೋ ಇದೆ ಎಂದು ಮೊದಲ ದಿನವೇ ತೀರ್ಮಾನಿಸಿದೆ. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಕೈಕಟ್ಟಿ ನಿಂತ ಹುಡುಗನ ಜೇಬನ್ನೇ ಮೊದಲು ತಡಕಿ ಅಭ್ಯಾಸ.

ನನ್ನ ಎಡಪಾದದಲ್ಲಿ ಹುಣ್ಣಾಗಿತ್ತು. ತಿಂಗಳೊಳಗೆ ಮಾಯದಿದ್ದರೆ ಪಾದವನ್ನೇ ತೆಗೆಯಬೇಕಾದೀತೆಂದು ಕೊರಟಗೆರೆಯ ಡಾಕ್ಟರು ಹೇಳಿ, ಪಟ್ಟಿ ಕಟ್ಟಲು ಸಿಸ್ಟರಮ್ಮನನ್ನು ಗೊತ್ತುಮಾಡಿದರು. ಅವರು ದಿನಾ ಬೆಳಗ್ಗೆ ಬಸ್ಸಿಳಿದು ಬರುವರು. ಕುರ್ಚಿ ಕೊಟ್ಟರೆ ಒಲ್ಲೆನೆಂದು ನೆಲದಲ್ಲಿ ಕೂತು, ನನ್ನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಳ್ಳುವರು. ಇಷ್ಟು ವಿನಯ ಸುಮ್ಮನೆ ಬರುವುದಿಲ್ಲ.

"ಯಾಕಮ್ಮ ಇಷ್ಟೆಲ್ಲ ಮಾಡ್ತೀರ?" ಎಂದು ಒಂದು ದಿನ ವಿಚಾರಣೆ ಆರಂಭಿಸಿದೆ.

"ನಮ್ಮ ಸ್ವಾಮಿ ಸಾಯೋಕೆ ಮುಂಚೆ ಶಿಷ್ಯರ ಕಾಲು ತೊಳೆದ್ರು ಮೇಷ್ಟ್ರೇ. ಅವರನ್ನ ಹಿಡಿದುಕೊಡೋನೂ ಅಲ್ಲೇ ಕೂತಿದ್ದ. ಅವನ ಕಾಲನ್ನೂ ತೊಳೀದೆ ಬಿಡಲಿಲ್ಲ."

ಬಂತು ನೋಡಿ! ಮತಾಂತರ ಇನ್ನು ಮೂರು ಪಟ್ಟಿಯಷ್ಟು ದೂರ ಎಂದುಕೊಂಡೆ. ಅವರೋ, "ಸ್ವಲ್ಪ ಬಿಸಿನೀರು ಕೊಡಿಸ್ತೀರಾ?" ಎಂದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅದೂ ಅನುಮಾನಕ್ಕೆ ಆಸ್ಪದವೇ.

"ಅವ್ರು ಕಾಲು ಉಳಿಸೋಕೆ ಬಂದವ್ರೆ, ಸುಮ್ಕೆ ಕೂತ್ಕಳ್ರೀ," ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ. "ನಿಮ್ಮಂತೋರ್ನ ಸೇರಿಸ್ಕಂಡು ಅವ್ರಾದ್ರೂ ಏನು ಮಾಡಾರು?"

ಆದರೂ ಧರ್ಮರಕ್ಷಣೆಯ ಭಾರ ನನ್ನ ಎಡಪಾದದ ಮೇಲೆ ಬಿದ್ದಿತ್ತಲ್ಲ. ಸಿಸ್ಟರಮ್ಮ ಹೋದ ಮೇಲೆ ಯಾರಿಗೂ ಕಾಣದಂತೆ ಪಟ್ಟಿ ಬಿಚ್ಚಿ, ಸಿದ್ದರಬೆಟ್ಟದಿಂದ ತಂದ ವಿಭೂತಿಯನ್ನು ಹುಣ್ಣಿಗೆ ಮೆತ್ತಿ ಮತ್ತೆ ಕಟ್ಟುತ್ತಿದ್ದೆ. ಹತ್ತು ದಿನಕ್ಕೆ ಕೀವಾಗಿ ಜ್ವರ ಬಂತು.

ಸಿಸ್ಟರಮ್ಮನೇ ನನ್ನನ್ನು ಕೊರಟಗೆರೆಗೆ ಕರೆದೊಯ್ದರು. ಡಾಕ್ಟರು ಪಟ್ಟಿ ಬಿಚ್ಚಿದವರೇ, ಕಾದು ಕೂತ ರೋಗಿಗಳೆಲ್ಲ ಕೇಳುವಂತೆ ಗದರಿದರು: "ಗಾಯಕ್ಕೆ ಬೂದಿ ಹೆಂಗ್ ಬಂತು ಸಿಸ್ಟರ್? ಇವರ ಕಾಲು ಹೋದ್ರೆ ಯಾರು ಹೊಣೆ?"

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಎಂದೆಂದು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದೆ.

"ನನ್ನ ತಪ್ಪು ಡಾಕ್ಟ್ರೇ," ಎಂದರು ಸಿಸ್ಟರಮ್ಮ.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಸಿಸ್ಟರಮ್ಮ ಮೇಷ್ಟ್ರ ಕಾಲು ಕೆಡಿಸಿದರೆಂದು ನಾಲ್ಕಾರು ಮನೆಯವರು ಅವರನ್ನು ಬರಬೇಡಿ ಎಂದರು. ನಾನು ಬಾಯಿ ಬಿಡಲಿಲ್ಲ. ವಿಭೂತಿ ಮಾತ್ರ ಬಿಟ್ಟೆ. ಅವರು ನಮ್ಮ ಮನೆಗೆ ದಿನಕ್ಕೆರಡು ಸಲ ಬರತೊಡಗಿದರು. ತಿಂಗಳು ಕಳೆಯುವಷ್ಟರಲ್ಲಿ ಹುಣ್ಣು ಮಾಯಿತು.

ಕೊನೆಯ ಪಟ್ಟಿಯ ದಿನ ಕೇಳಿಯೇ ಬಿಟ್ಟೆ. "ಡಾಕ್ಟ್ರ ಮುಂದೆ ಸುಳ್ಳು ಹೇಳಿದ್ರಲ್ಲಮ್ಮ. ನಿಮ್ಮಲ್ಲಿ ಅದು ಪಾಪ ಅಲ್ವಾ?"

"ಸುಳ್ಳೆಲ್ಲಿ ಬಂತು ಮೇಷ್ಟ್ರೇ? ಬೂದಿ ನಂಗೆ ಮೂರನೇ ದಿನವೇ ಕಂಡಿತ್ತು. ದಿನಾ ತೊಳೆದು ತೆಗೀತಿದ್ದೆ. ನಿಮ್ಮ ದೇವರ ಪ್ರಸಾದ, ಹಾಕ್ಬೇಡಿ ಅಂದ್ರೆ ನೊಂದ್ಕೋತೀರೇನೋ ಅಂತ ಬಾಯಿ ಮುಚ್ಕೊಂಡಿದ್ದೆ. ಹೇಳ್ಬೇಕಿತ್ತು. ತಪ್ಪು ನಂದೇ ಕಣಪ್ಪ."

ಈ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣು ಹಾಕುವವರ ಸಾಲಿನಲ್ಲಿ ಡಾಕ್ಟರು ನನ್ನ ಮುಂದಿದ್ದರು. ಚಪ್ಪಲಿ ಕಳಚಿ ನಿಂತು, ಹಿಂದಿನವರಿಗೂ ಕೇಳುವ ಹಾಗೆ ಹೇಳಿದೆ: "ಆ ಬೂದಿ ಹಾಕಿದ್ದು ನಾನು ಡಾಕ್ಟ್ರೇ."

ಅವರು ಹಿಡಿ ಮಣ್ಣಿನೊಂದಿಗೆ ತಿರುಗಿ, ಮೊದಲು ನನ್ನ ಮುಖವನ್ನೂ ಆಮೇಲೆ ನನ್ನ ಎಡಪಾದವನ್ನೂ ನೋಡಿದರು.

"ಈಗ ಹೇಳ್ತಿದ್ದೀರಾ ಮೇಷ್ಟ್ರೇ?"