ಬಿಸಿಲಿಗಿಟ್ಟ ಪಿಎಚ್ ಮೀಟರು

ಕಳೆದ ವಾರ ನಾನೂ ನನ್ನ ಹೆಂಡತಿ ಸುಧಾಳೂ ಒಂದು ಲೋಟ ಮೂತ್ರದ ಮುಂದೆ ಕೂತು ಜಗಳವಾಡಿದೆವು. (ತಿಂಡಿ ತಿನ್ನುತ್ತ ಓದುತ್ತಿದ್ದರೆ ಕ್ಷಮಿಸಿ.)

ಸುಧಾಗೆ ಈಗ ಇರುವುದು ಒಂದೇ ಕಿಡ್ನಿ. ಇನ್ನೊಂದನ್ನು ಕಲ್ಲುಗಳು ತಿಂದುಹಾಕಿದವು. ಮೂತ್ರದಲ್ಲಿ ಹುಳಿ ಹೆಚ್ಚಾದರೆ ಉಳಿದದ್ದರಲ್ಲೂ ಕಲ್ಲು ಕಟ್ಟುತ್ತದೆ. ಹುಳಿ ಹೆಚ್ಚಿದಷ್ಟೂ ಪಿಎಚ್ ಅಂಕಿ ಇಳಿಯುತ್ತದೆ; ಅದು ಆರಕ್ಕಿಂತ ಇಳಿಯಬಾರದು, ಏಳು ದಾಟಬಾರದು, ಅದನ್ನು ನೋಡಿಯೇ ಹುಳಿ ತಗ್ಗಿಸುವ ಸಿರಪ್ಪಿನ ಅಳತೆ ಹೇಳುತ್ತೇನೆ ಎಂದರು ರಾಯಚೂರಿನ ಡಾಕ್ಟರು. ಬಣ್ಣ ಬದಲಿಸುವ ಕಾಗದದ ಪಟ್ಟಿ ಸಾಕು ಎಂದೂ ಹೇಳಿದರು.

ಸಾಕು ಎಂದರೆ ಸಾಕೆನ್ನುವ ಮನುಷ್ಯನೇ ನಾನು? ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮಕ್ತಲ್ ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿಬರುವವನು. ಆನ್‌ಲೈನಿನಲ್ಲಿ ಪಿಎಚ್ ಮೀಟರು ತರಿಸಿದೆ.

ಮೊದಮೊದಲು ಆರೂವರೆ ತೋರಿಸಿತು. ಸಮಾಧಾನ. ಆಮೇಲೆ ಕುಣಿಯತೊಡಗಿತು. ಅದೇ ಲೋಟ, ಅದೇ ಮೂತ್ರ: ಐದು ಚಿಲ್ಲರೆ, ಏಳೂವರೆ, ಮತ್ತೆ ಆರು. ಸೆಲ್ ಬದಲಿಸಿದೆ. ಲೋಟ ಬದಲಿಸಿದೆ. ಫ್ಯಾನ್ ಆರಿಸಿದೆ. ಉಸಿರೂ ಬಿಗಿಹಿಡಿದೆ.

"ನಿಮ್ಮ ಕೈ ನಡಗತಾವ್ರಿ, ಅದಕ್ಕ ಅದೂ ನಡಗತೈತಿ" ಎಂದಳು ಸುಧಾ. ಅಂಕಿ ಆರೂವರೆಯ ಹತ್ತಿರ ಬಂದರೆ ಸಾಕು, "ಹಾಂ, ಆರಸ್ರಿ, ಆರಸ್ರಿ!" ಎನ್ನುತ್ತ ಎದ್ದುಬಿಡುತ್ತಿದ್ದಳು. ಅದಕ್ಕೇ ಜಗಳ.

ಗದ್ವಾಲದಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ತಂಗಿ ಪದ್ಮಾಗೆ ಫೋನ್ ಹಚ್ಚಿದೆ.

"ಅಣ್ಣಾ, ಕೆಲಸ ಮುಗದ ಮ್ಯಾಲೆ ಅದನ್ನ ಹೆಂಗ ಇಡ್ತೀರಿ?"

ಸುಧಾ ಫೋನ್ ಕಸಿದುಕೊಂಡಳು. "ತೊಳದು, ಒರಸಿ, ಮಾಳಗಿ ಮ್ಯಾಲೆ ಬಿಸಿಲಿಗೆ ಇಡ್ತೀನವ್ವಾ. ಉಚ್ಚಿ ಮುಟ್ಟಿದ್ದನ್ನ ಹಂಗ ಒಳಗ ತರಾಕ ಆಗತೈತೇನು? ಲಿಂಗಪೂಜಿ ಆಗೋ ಮನಿ."

"ಅದರ ಟೊಪಗ್ಯಾಗ ನೀರಿತ್ತಲ್ಲ?"

"ಹೊಲಸು ನೀರು. ಚೆಲ್ಲಿದೆ."

"ಅಯ್ಯೋ ದೇವುಡಾ! ವೈನಿ, ಅದರ ತುದ್ಯಾಗಿನ ಗಾಜು ಯಾವಾಗ್ಲೂ ಹಸೀನ ಇರಬೇಕು. ನೀರಿಂದ ತಗದ ಮೀನು ಒದ್ದಾಡದ ಏನ್ ಮಾಡೀತು?"

ನಮ್ಮ ಮನೆಯಲ್ಲಿ ಬಿಸಿಲು ಕಂಡದ್ದೇ ಶುದ್ಧ. ಉಪ್ಪಿನಕಾಯಿ ಭರಣಿಯಿಂದ ಹಾಸಿಗೆಯವರೆಗೆ. ಮೀಟರಿಗೆ ಈ ವಿಷಯ ಯಾರು ಹೇಳಬೇಕಿತ್ತು? (ಸುಧಾ ಹೇಳದಿದ್ದರೂ, ಒರೆಸುವ ಕೆಲಸ ನನ್ನದಿತ್ತು. ತಿಕ್ಕಬಾರದ ಆ ಗಾಜನ್ನು ಕನ್ನಡಕದಂತೆ ತಿಕ್ಕಿ ಹೊಳಪು ಬರಿಸುತ್ತಿದ್ದೆ.)

ಪದ್ಮಾ ಹೇಳಿದ ದ್ರಾವಣ ತರಿಸಿ ಅದರಲ್ಲಿ ಮೀಟರಿನ ತುದಿ ನೆನೆಸಿಟ್ಟೆ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು, ಮೀಟರಿನ ಜೊತೆ ಬಂದ ಪೊಟ್ಟಣದ ಪುಡಿ ಕರಗಿಸಿ, ಅದರಲ್ಲಿ ಮೀಟರು ಅದ್ದಿ, ಪೊಟ್ಟಣದ ಮೇಲಿದ್ದ ಅಂಕಿಗೆ ಸರಿಹೊಂದಿಸಿದೆ. ನಿನ್ನೆ ಬೆಳಿಗ್ಗೆ ಇಬ್ಬರೂ ಮತ್ತೆ ಲೋಟದ ಮುಂದೆ ಕೂತೆವು.

ಮೀಟರು ಕುಣಿಯಲಿಲ್ಲ. ನಡುಗಲಿಲ್ಲ.

ಐದು.

ತೊಳೆದು ಮತ್ತೆ ಅದ್ದಿದೆ. ಐದೇ.

ಡಾಕ್ಟರಿಗೆ ಫೋನ್ ಮಾಡಿದೆ. ಅಂಕಿ ಹೇಳಿದೆ. ನಾಳೆಯೇ ಸ್ಕ್ಯಾನಿಗೆ ಕರೆದುಕೊಂಡು ಬನ್ನಿ ಎಂದರು. ಇಷ್ಟು ದಿನ ಬೈಯಲು ಒಂದು ಮೀಟರಾದರೂ ಇತ್ತು.

ಸುಧಾ ಮೀಟರನ್ನು ಕೈಗೆತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮತ್ತ ಬಿಸಿಲಿಗೆ ಇಡ್ಲೇನ್ರೀ?"