ಹಿಂದಕ್ಕೆ ಹೋದ ಅಡುಗೆಮನೆ

ಚಂದ್ರಾ ಲೇಔಟಿನ ಜಯಮ್ಮನವರ ಅಡುಗೆಮನೆ ಮನೆಯ ಹಿಂಭಾಗಕ್ಕೆ ಹೋದದ್ದು ವಾಸ್ತುವಿನಿಂದಲ್ಲ, ನನ್ನಿಂದ. ವಾಸ್ತು ಎಂದು ನಾನು ಹೇಳಿದ್ದು ಹಸಿ ಸುಳ್ಳು. ಐದು ವರ್ಷ ಅದೇ ಅಡುಗೆಮನೆಯಲ್ಲಿ ಕೂತು ಆಕೆ ಬಡಿಸಿದ ಹೋಳಿಗೆ ತಿಂದಿದ್ದೇನೆ — ತುಪ್ಪ ಸಾಲದು ಎಂದು ಕೇಳಿ ಹಾಕಿಸಿಕೊಂಡೂ ತಿಂದಿದ್ದೇನೆ. ಇಂಥವನು ನಾನು.

ನನ್ನ ಕೆಲಸವೇನೆಂದು ಹೇಳಿದರೆ ಗೋವಿಂದರಾಜನಗರದ ನಮ್ಮ ಬೀದಿಯವರು ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಕೆಂಗೇರಿಯಾಚೆ ಒಂದು ಶೆಡ್ಡಿನಲ್ಲಿ ಮನೆಗಳನ್ನು ಉಕ್ಕಿನ ಚೌಕಟ್ಟಿನ ದೊಡ್ಡ ಬಾಕ್ಸ್‌ಗಳಾಗಿ ತಯಾರಿಸುತ್ತಾರೆ. ಗೋಡೆ, ಕಿಟಕಿ, ಟೈಲ್ಸ್, ನಲ್ಲಿ, ಸ್ವಿಚ್ಚು ಎಲ್ಲವೂ ಅಲ್ಲೇ ಕೂರುತ್ತವೆ. ಲಾರಿಯಲ್ಲಿ ಬಂದ ಬಾಕ್ಸ್‌ಗಳನ್ನು ಕ್ರೇನಿನಿಂದ ಎತ್ತಿಸಿ, ಪಾಯದ ಮೇಲೆ ಕೂರಿಸಿ, ಒಂದಕ್ಕೊಂದು ಬೋಲ್ಟ್ ಹಾಕಿಸಿ ಮನೆ ಮಾಡಿಕೊಡುವುದು ಸೈಟ್ ಸೂಪರ್‌ವೈಸರ್ ಆದ ನನ್ನ ಪಾಲಿನದು. ಬೆಳಿಗ್ಗೆ ಖಾಲಿ ಇದ್ದ ಜಾಗದಲ್ಲಿ ಸಂಜೆಗೆ ದೀಪ ಹತ್ತುತ್ತದೆ. ಹದಿನೈದು ವರ್ಷ ಇಟ್ಟಿಗೆ-ಸಿಮೆಂಟಿನಲ್ಲಿ ಬೆವರು ಸುರಿಸಿದವನು ನಾನು. ಆದರೂ ಮನೆಯೊಂದು ಗಾಳಿಯಲ್ಲಿ ತೇಲಿ ಬರುವುದನ್ನು ನೋಡಿದರೆ ಈಗಲೂ ಖುಷಿಗೆ ಮೈ ಜುಮ್ಮೆನ್ನುತ್ತದೆ.

ಜಯಮ್ಮನವರ ಯಜಮಾನರು ನಂಜೇಗೌಡರಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ಹಳೆಯ ಶೀಟಿನ ಮನೆ ಸೋರುತ್ತಿತ್ತು. ವರ್ಷಗಟ್ಟಲೆ ಧೂಳು ಕುಡಿಯುತ್ತಾ ಹೊಸ ಮನೆ ಕಟ್ಟಿಸುವ ಹಾಗಿರಲಿಲ್ಲ. ಹಾಗಾಗಿ ನಮ್ಮ ಬಳಿ ಬಂದರು. ಬಣ್ಣ ಯಾವುದಿರಲಿ, ಟೈಲ್ಸ್ ಯಾವುದಿರಲಿ ಎಂದು ನಾನು ಪಟ್ಟಿ ಹಿಡಿದು ಕೂತರೆ ಆಕೆ ಅದನ್ನು ನೋಡಲೂ ಇಲ್ಲ.

"ನಂಗೆ ಇನ್ನೇನೂ ಬೇಡ ನಾಗರಾಜು. ಅಡುಗೆಮನೆ ಕಿಟಕಿ ರೋಡಿಗೆ ಬರ್ಲಿ, ಅಷ್ಟು ಮಾಡ್ಕೊಡು."

ಹಳೆಯ ಮನೆಯ ಹಿಂದಿನ ಕತ್ತಲ ಅಡುಗೆಮನೆಯಲ್ಲಿ ಆಕೆ ನಲವತ್ತು ವರ್ಷ ಕಳೆದಿದ್ದರು. ಮದುವೆ ಬ್ಯಾಂಡು, ರಾಜ್ಯೋತ್ಸವದ ಡೊಳ್ಳು, ಗಣಪತಿ ಬಿಡುವ ದಿನದ ತಮಟೆ — ಎಲ್ಲವನ್ನೂ ಕಿವಿಯಲ್ಲೇ ಕೇಳಿದವರು. ಸೌಟು ಹಿಡಿದು ಗೇಟಿಗೆ ಓಡಿ ಬರುವಷ್ಟರಲ್ಲಿ ಮೆರವಣಿಗೆ ತಿರುವು ದಾಟಿರುತ್ತಿತ್ತು, ಇತ್ತ ದೋಸೆ ಸೀದಿರುತ್ತಿತ್ತು. ಗೌಡರ ಅಣ್ಣ ಅಡುಗೆಮನೆ ಹಿಂದಿನ ಅಗ್ನಿಮೂಲೆಯಲ್ಲೇ ಇರಬೇಕೆಂದು ಹಟ ಹಿಡಿದಾಗ ಆಕೆ ಒಂದು ವಾರ ಜಗಳವಾಡಿ ಗೆದ್ದಿದ್ದರು. ಆ ಗೆಲುವನ್ನು ಹೇಳುವಾಗ ಆಕೆಯ ಮುಖ ನೋಡಬೇಕಿತ್ತು... ಚಿಕ್ಕ ಹುಡುಗಿಯ ಮುಖ.

ಅಲ್ಲಿಂದ ನನ್ನ ತಪ್ಪು ಶುರು. ಎರಡೇ ಬಾಕ್ಸ್‌ನ ಮನೆ ಅದು. ಒಂದರಲ್ಲಿ ಅಡುಗೆಮನೆ ಮತ್ತು ಹಾಲ್, ಇನ್ನೊಂದರಲ್ಲಿ ಮಲಗುವ ಕೋಣೆಗಳು. ಕ್ರೇನ್ ರಸ್ತೆಯಲ್ಲಿ ನಿಲ್ಲುವುದರಿಂದ ಹಿಂದೆ ಕೂರುವ ಬಾಕ್ಸ್ ಮೊದಲು ಹೋಗಬೇಕು, ಮುಂದಿನದು ಆಮೇಲೆ. ನಮ್ಮ ಕೆಲಸದ ಅ ಆ ಇ ಈ ಇದು. ಅಂದರೆ ಮಲಗುವ ಕೋಣೆಯ ಲಾರಿ ಮೊದಲು ಬೀದಿಗೆ ಬರಬೇಕಿತ್ತು. ಆದರೆ ಹಿಂದಿನ ದಿನ ಲಾರಿಯವರಿಗೆ ಫೋನು ಮಾಡಿ, ಅಡುಗೆಮನೆಯನ್ನೇ ಮೊದಲು ತನ್ನಿ ಎಂದುಬಿಟ್ಟೆ. ಜಯಮ್ಮ ಬೀದಿಗೆ ಬಂದು ನೋಡಿದರೆ ಮೊದಲು ಕಾಣುವುದು ಅವರ ಅಡುಗೆಮನೆಯೇ ಆಗಿರಲಿ, ಪೂಜೆ ಅದಕ್ಕೇ ಆಗಲಿ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಯಾವುದು ಎಲ್ಲಿ ಕೂರುತ್ತದೆ ಎಂಬುದು ಆ ಸಂಭ್ರಮದಲ್ಲಿ ಮರೆತೇ ಹೋಯಿತು.

ಎಂಥ ಬೆಳಗು ಅದು! ಬೀದಿಗೆ ಬೀದಿಯೇ ಹೊರಗಿತ್ತು. ಎದುರುಮನೆಯ ಮೇಷ್ಟ್ರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಿಂತಿದ್ದರು. ನಂಜೇಗೌಡರನ್ನು ಮಫ್ಲರ್ ಸುತ್ತಿ ಕುರ್ಚಿಯಲ್ಲಿ ಮುಖ್ಯ ಅತಿಥಿಯ ಹಾಗೆ ಕೂರಿಸಿದ್ದರು. ಜಯಮ್ಮ ಲಾರಿ ಮೇಲಿನ ಅಡುಗೆಮನೆಗೆ ಅರಿಶಿನ-ಕುಂಕುಮ ಹಚ್ಚಿ, ಆರತಿ ಎತ್ತಿ, ಕಾಯಿ ಒಡೆದು, ಕ್ರೇನಿನವನಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಕೈಗೂ ಕೇಸರಿಬಾತು ಕೊಟ್ಟರು. ನಾನು ಎರಡು ಸಲ ತಿಂದೆ.

ಬಾಕ್ಸ್‌ನ ನಾಲ್ಕು ಮೂಲೆಗೆ ಸರಪಳಿ ಬಿಗಿದ ಮೇಲೆ, ಕ್ರೇನಿಗೆ ಕೈಸನ್ನೆ ಮಾಡುವ ನಮ್ಮ ಬಾಗಲಕೋಟೆಯ ಯಮನಪ್ಪ ನನ್ನ ಕಿವಿಯ ಹತ್ತಿರ ಬಂದ.

"ಸರ, ಅಡಿಗಿ ಮನಿ ಮುಂದ ಬರಬೇಕಲ್ರಿ? ಹಿಂದಿನ ಬಾಕ್ಸ್ ಮೊದ್ಲ ಹೋಗಬೇಕ್ರಿ."

ಆಗ ನನಗೆ ನೆನಪಾಯಿತು. ಲಾರಿಗಳನ್ನು ಅದಲು ಬದಲು ಮಾಡಲು ಕ್ರೇನ್ ಹಿಂದೆ ಸರಿಯಬೇಕು, ಎರಡೂ ಲಾರಿ ಮುಖ್ಯರಸ್ತೆಯವರೆಗೆ ರಿವರ್ಸ್ ಹೋಗಬೇಕು. ಕ್ರೇನಿಗೆ ತಂತಿ ತಾಗದಿರಲೆಂದು ಬೀದಿಯ ಕರೆಂಟನ್ನು ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ತೆಗೆಸಿದ್ದೆವು. ಕೆಲಸ ಇನ್ನೊಂದು ದಿನಕ್ಕೆ ಹೋಗುತ್ತಿತ್ತು, ಅಷ್ಟೇ. ಅಷ್ಟೇ ಆಗುತ್ತಿದ್ದದ್ದು — ಒಂದು ದಿನ. ಜೊತೆಗೆ, ಅಷ್ಟು ಜನರ ಮುಂದೆ "ನಾನು ಮರೆತೆ" ಎಂಬ ಒಂದು ಮಾತು. ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಯಮನಪ್ಪನಿಗೆ ಸುಮ್ಮನಿರು ಎಂದು ಕಣ್ಣು ಬಿಟ್ಟು, ಜಯಮ್ಮನವರನ್ನು ಪಕ್ಕಕ್ಕೆ ಕರೆದೆ.

"ಅಮ್ಮ, ರಾತ್ರಿಯೆಲ್ಲ ಯೋಚನೆ ಮಾಡ್ದೆ. ಅಗ್ನಿಮೂಲೆ ಬಿಟ್ಟು ಒಲೆ ಇಡೋದು ಬೇಡ. ನಾಳೆ ಯಜಮಾನ್ರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

ಆ ವಾಕ್ಯವನ್ನು ನಾನು ಮುಗಿಸಲಿಲ್ಲ. ಮುಗಿಸಬೇಕಾಗಿರಲಿಲ್ಲ. ಆಕೆ ತಿರುಗಿ ಕುರ್ಚಿಯಲ್ಲಿದ್ದ ಗಂಡನನ್ನು ನೋಡಿದರು. ಆಮೇಲೆ ನನ್ನನ್ನು. ಭಾವನ ಜೊತೆ ವಾರವಿಡೀ ಜಗಳವಾಡಿ ಗೆದ್ದ ಹೆಂಗಸು ನನ್ನ ಒಂದು ಮಾತಿಗೆ ಸೋತು, ನೀನು ತಿಳಿದವನು, ಹಾಗೇ ಮಾಡಪ್ಪ ಎಂದುಬಿಟ್ಟರು. ಆಕೆಯ ಭಯ ಎಲ್ಲಿದೆ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಅಲ್ಲಿ ಕೈಯಿಟ್ಟೆ.

ಅಡುಗೆಮನೆ ಮೇಲೆದ್ದಿತು. ಮಕ್ಕಳು ಕೂಗಿದರು, ಮೇಷ್ಟ್ರು ಬ್ರಷ್ ತೆಗೆದು ಚಪ್ಪಾಳೆ ತಟ್ಟಿದರು. ಇಬ್ಬರು ಹಗ್ಗ ಹಿಡಿದು ತೂಗಾಟ ತಡೆಯುತ್ತಿದ್ದರು. ಯಮನಪ್ಪನ ಬೆರಳು ಆಡಿದ ಹಾಗೆ ಬಾಕ್ಸ್ ಮೆಲ್ಲಗೆ ತಿರುಗಿ, ಕಿಟಕಿಯನ್ನು ಹಿಂದಿನ ಮನೆಯ ಗೋಡೆಗೆ ಮುಖಮಾಡಿ ಪಾಯದ ಗೂಟಗಳ ಮೇಲೆ ಕೂತಿತು. ಒಂದು ಗಂಟೆಯಲ್ಲಿ ಎರಡನೆಯದೂ ಬಂದು ಅದರ ಮುಂದೆ, ರಸ್ತೆಯ ಕಡೆಗೆ ಸೇರಿತು. ನಡುವಿನ ಸಂದಿಗೆ ರಬ್ಬರ್ ಪಟ್ಟಿ, ಮೇಲೆ ಕೆಳಗೆ ಬೋಲ್ಟು. ಪ್ಲಂಬರ್ ಮಾತ್ರ ಎರಡು ದಿನ ಗೊಣಗುತ್ತಾ ಮುಂದಕ್ಕೆ ಹಾಕಿದ್ದ ಪೈಪನ್ನು ಹಿಂದಕ್ಕೆ ಸುತ್ತಿಸಿದ. ಅಂದು ಸಂಜೆಯೇ ಒಲೆಯ ಮೇಲೆ ಹಾಲು ಉಕ್ಕಿತು, ಜಯಮ್ಮ ನಗುತ್ತಲೇ ಇದ್ದರು. ಆ ನಗು ನಿಜವಾದದ್ದೇ, ಅದರಲ್ಲಿ ಕೊರತೆ ಹುಡುಕಿದರೂ ನನಗೆ ಸಿಗಲಿಲ್ಲ.

ಗೌಡರು ಗಟ್ಟಿಮುಟ್ಟಾದರು. ದಿನಾ ಪಾರ್ಕಿಗೆ ಎರಡು ಸುತ್ತು, ಬರುವಾಗ ಕದ್ದು ಒಂದು ಬೋಂಡ. ಜಯಮ್ಮ ಎಲ್ಲರಿಗೂ ಹೇಳಿಕೊಂಡು ಬಂದರು: ನಮ್ಮ ನಾಗರಾಜು ಅಡುಗೆಮನೆ ಹಿಂದಕ್ಕೆ ಹಾಕಿಸಿದ್ದಕ್ಕೇ ನಮ್ಮವರು ಹೀಗಿರೋದು. ಪ್ರತಿ ಹಬ್ಬಕ್ಕೂ ನನಗೆ ಎಲೆ ಹಾಕಿದರು. ನಾನು ಹೋದೆ. ಕೂತೆ. ಉಂಡೆ.

ಕಳೆದ ವರ್ಷ ಗಣಪತಿ ಬಿಡುವ ದಿನವೂ ಅಲ್ಲಿಯೇ ಊಟಕ್ಕೆ ಕೂತಿದ್ದೆ. ದೂರದಲ್ಲಿ ತಮಟೆ ಕೇಳಿಸಿತು. ಜಯಮ್ಮ ಸಾರಿನ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ, ಹಾಲ್ ದಾಟಿ, ಮಲಗುವ ಕೋಣೆಗೆ ನುಗ್ಗಿ, ಮಂಚ ಹತ್ತಿ, ರಸ್ತೆ ಕಡೆಗಿದ್ದ ಎತ್ತರದ ಸಣ್ಣ ಕಿಟಕಿಗೆ ಮುಖ ಒತ್ತಿದರು. ಅರವತ್ತೈದರ ಹೆಂಗಸು, ಮಂಚದ ಮೇಲೆ ತುದಿಗಾಲಲ್ಲಿ. ಕೆಳಗಿಳಿದು ಬಂದು, ಈ ಸಲವೂ ಬಾಲ ಮಾತ್ರ ಕಾಣಿಸ್ತು ಎಂದು ನಕ್ಕು ನನಗೆ ಸಾರು ಬಡಿಸಿದರು. ಪ್ರತಿ ವರ್ಷ ಇದೇ ಸರ್ಕಸ್ಸು ಎಂದು ಗೌಡರು ರೇಗಿಸಿದರು. ಬಡಿಸಿದ ಸಾರನ್ನು ಹಾಗೇ ಬಿಟ್ಟು ನಾನು ಎಲೆ ಮಡಿಸಿದೆ.

ಆದರೂ ಬಾಯಿ ಬಿಡಲು ಇನ್ನೂ ಎಂಟು ತಿಂಗಳು ತೆಗೆದುಕೊಂಡೆ. ಆಗಲೂ ಮೊದಲು ಹೋದದ್ದು ಯಮನಪ್ಪನ ಬಳಿಗೆ. ನೀನು ಹೇಳಿದ್ದೇ ಸರಿ ಇತ್ತು ಮಾರಾಯ ಎಂದೆ. ನನಗೇನು ಹೇಳ್ತೀರಿ, ಹೇಳಬೇಕಾದವರಿಗೆ ಹೇಳ್ರಿ ಎಂದ. ಹೋದ ಭಾನುವಾರ ಜಯಮ್ಮನವರ ಮನೆಗೆ ಹೋಗಿ, ಕೂರು ಎಂದರೂ ಕೂರದೆ, ನಿಂತೇ ಎಲ್ಲ ಹೇಳಿದೆ. ಲಾರಿ, ಫೋನು, ಸುಳ್ಳು, ಗಂಡನ ಹೆಸರು ಹಿಡಿದು ಹೆದರಿಸಿದ್ದು — ಯಾವುದನ್ನೂ ಬಿಡಲಿಲ್ಲ.

ಮೊದಲು ನಕ್ಕವರು ಗೌಡರು. ಹಾಗಾದ್ರೆ ನಾನು ಬದುಕಿರೋದು ಮಾತ್ರೆಯಿಂದ್ಲೇ ಕಣೇ ಎಂದು ಕೆಮ್ಮು ಬರುವವರೆಗೂ ನಕ್ಕರು. ಜಯಮ್ಮ ನಗಲಿಲ್ಲ. ಬೈಯಲೂ ಇಲ್ಲ. ಗೋಡೆಗಳನ್ನು ಒಂದು ಸುತ್ತು ನೋಡಿದರು.

"ತಿರುಗ್ಸೋಕಾಗತ್ತಾ?"

ಆಗುತ್ತದೆ ಎಂದೆ. ಬೋಲ್ಟು ಬಿಚ್ಚಿ ಎರಡನ್ನೂ ಎತ್ತಿ, ಅದಲು ಬದಲು ಮಾಡಿ ಮತ್ತೆ ಕೂರಿಸಬಹುದು. ಆಫೀಸಿನಲ್ಲಿ ತಪ್ಪು ನನ್ನದೆಂದು ಬರೆದುಕೊಟ್ಟು ಬಂದಿದ್ದೇನೆ, ನೀವು ಹೂಂ ಎಂದರೆ ಕ್ರೇನ್ ತರುತ್ತೇನೆ ಎಂದೆ. ಆಕೆಯ ಕಣ್ಣು ಅರಳಿತು. ಹಬ್ಬದೊಳಗೆ ಆಗಬೇಕು, ಬೀದಿಯವರಿಗೆಲ್ಲ ಮುಂಚೆಯೇ ಹೇಳಬೇಕು, ಈ ಸಲ ಕೇಸರಿಬಾತಿನ ಜೊತೆ ಖಾರಾಬಾತೂ ಇರಲಿ ಎಂದು ಅಲ್ಲೇ ಲೆಕ್ಕ ಹಾಕತೊಡಗಿದರು. ಆ ಉತ್ಸಾಹ ನೋಡಿ ನನಗೂ ನಗು ಬಂತು. ಬಚಾವಾದೆ ಎಂದುಕೊಂಡೆ.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಆಕೆ ಬಾಗಿಲವರೆಗೆ ಬಂದರು.

"ಐದು ಗಣಪತಿ ಹೋಯ್ತಲ್ಲೋ ನಾಗರಾಜು."

"ಹೌದಮ್ಮ," ಎಂದೆ. "ನನ್ನಿಂದ ಹೋಯ್ತು."